ಬಾಯ್ಲರ್ ಕೋಡ್ ತೋರಿಸಿದಾಗ ನಾವೇ ನೋಡಬಹುದಾದ್ದು ಎಷ್ಟು, ಎಂಜಿನಿಯರ್ ಕರೆಸಬೇಕಾದ್ದು ಯಾವಾಗ? (ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ)

ಮೈಸೂರಿನವಳು, ಸ್ಲೌ

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಮನೆಯಲ್ಲಿ ಹೀಟಿಂಗ್ ಇಲ್ಲ, ನಲ್ಲಿಯಲ್ಲಿ ಬಿಸಿನೀರೂ ಇಲ್ಲ. ಬಾಯ್ಲರ್ ಪರದೆಯಲ್ಲಿ ಒಂದು ಎಫ್ ಕೋಡ್ ಮಿನುಗುತ್ತಿದೆ. ಕಾಂಬಿ ಬಾಯ್ಲರ್ (ಹೀಟಿಂಗ್, ನಲ್ಲಿಯ ಬಿಸಿನೀರು ಎರಡನ್ನೂ ಒಂದೇ ಕೊಡುವಂಥದ್ದು), ಅಡುಗೆಮನೆ ಕಬೋರ್ಡ್ ಒಳಗಿದೆ. ಊರಿಂದ ಅತ್ತೆ ಮಾವ ಬಂದಿದ್ದಾರೆ, ಅವರಿಗೆ ಈ ಚಳಿ ಹೊಸದು, ಜೊತೆಗೆ ಪುಟ್ಟ ಮಗು ಬೇರೆ. ಒಂದು ಕಡೆ ಫೋನ್ ಮಾಡಿದೆ. ಬಂದು ನೋಡುವುದಕ್ಕೇ ಇಷ್ಟು, ವಾರಾಂತ್ಯ ಆದ್ದರಿಂದ ಅದರ ಮೇಲೆ ಇಷ್ಟು ಅಂದರು. ಅವರನ್ನು ಕರೆಸುವ ಮೊದಲು ನಾವೇ ನೋಡಬಹುದಾದ್ದು ಏನಾದರೂ ಇದೆಯಾ? ರೀಸೆಟ್ ಬಟನ್ ಒತ್ತಬಹುದಾ? ಗ್ಯಾಸ್ ವಿಷಯ, ಅದಕ್ಕೇ ಮುಟ್ಟುವುದಕ್ಕೆ ಭಯ.

ರೆಡಿಂಗ್, ಮೂಲ ಹುಬ್ಬಳ್ಳಿ

ಮೇಡಂ, ಮೊದಲು ಒಲೆ ಹಚ್ಚಿ ನೋಡಿ. ಗ್ಯಾಸ್ ಒಲೆ ಉರಿದರೆ ಮನೆಗೆ ಗ್ಯಾಸ್ ಬರುತ್ತಿದೆ ಅಂತ ಅರ್ಥ. ಪ್ರೀಪೇ ಮೀಟರ್ (ಮೊದಲೇ ದುಡ್ಡು ತುಂಬಿಸುವ ಮೀಟರ್) ಇದ್ದರೆ ದುಡ್ಡು ಮುಗಿದಿದೆಯಾ ನೋಡಿ. ಸ್ಮಾರ್ಟ್ ಮೀಟರ್‌ನಲ್ಲಿ ಟಾಪ್ ಅಪ್ ಮಾಡಿದ ಮೇಲೂ ಬಟನ್ ಒತ್ತಿ ಸಪ್ಲೈ ಮತ್ತೆ ಶುರು ಮಾಡಬೇಕಾಗಬಹುದು, ತುಂಬಾ ಜನಕ್ಕೆ ಇದು ಗೊತ್ತಿರುವುದಿಲ್ಲ.

ಹೀಟಿಂಗ್ ಕೆಲಸ, ಲೆಸ್ಟರ್

ನಾನು ಇದೇ ಕೆಲಸ ಮಾಡುವವನು, ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ) ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಮುಂದೆ ಬೇರೆಯವರಿಗೂ ಆಗುತ್ತದೆ.

ಭಯ ಬೇಡ ಮೇಡಂ. ಕೋಡ್ ಬಂದಿದೆ ಅಂದರೆ ಬಾಯ್ಲರ್ ತಾನೇ ತನ್ನನ್ನು ನಿಲ್ಲಿಸಿಕೊಂಡಿದೆ ಅಂತ. ಅದು ಒಳ್ಳೆಯದೇ. ಆದರೆ ಒಂದು ವಿಷಯ ಗೊತ್ತಿರಲಿ. ಕೋಡ್ ಹೇಳುವುದು ಯಾವ ಸೆನ್ಸರ್ ದೂರು ಕೊಟ್ಟಿತು ಅನ್ನುವುದನ್ನು ಮಾತ್ರ. ಯಾವ ಪಾರ್ಟ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. 'ಜ್ವಾಲೆ ಕಾಣಿಸಲಿಲ್ಲ' ಅನ್ನುವ ಒಂದೇ ಕೋಡ್‌ಗೆ ಮೀಟರ್‌ನಲ್ಲಿ ಗ್ಯಾಸ್ ಇಲ್ಲದಿರುವುದು, ಕಿಡಿ ಹೊಡೆಯುವ ಎಲೆಕ್ಟ್ರೋಡ್ ಸವೆದಿರುವುದು, ಗ್ಯಾಸ್ ವಾಲ್ವ್ ಕೆಟ್ಟಿರುವುದು, ಬಾಯ್ಲರ್‌ನಿಂದ ನೀರು ಹೊರಗೆ ಬಿಡುವ ಕಂಡೆನ್ಸೇಟ್ ಪೈಪ್ ಹೆಪ್ಪುಗಟ್ಟಿರುವುದು, ಇದರಲ್ಲಿ ಯಾವುದು ಬೇಕಾದರೂ ಕಾರಣ ಇರಬಹುದು. ಅದಕ್ಕೇ ಕೋಡ್ ನೋಡಿ ಪಾರ್ಟ್ ಆರ್ಡರ್ ಮಾಡುವವರ ದುಡ್ಡು ದಂಡ ಆಗುವುದು ಜಾಸ್ತಿ.

ಇನ್ನೊಂದು, ಕೋಡ್ ಕಂಪನಿಗೊಂದು ಥರ. ನೀರಿನ ಒತ್ತಡ ಕಡಿಮೆ ಅನ್ನುವುದನ್ನು ವೈಲಂಟ್ ಇಕೋಟೆಕ್ ಎಫ್22 ಅನ್ನುತ್ತದೆ, ಐಡಿಯಲ್ ಲಾಜಿಕ್ ಎಫ್1 ಅನ್ನುತ್ತದೆ, ಬ್ಯಾಕ್ಸಿ ಡುಯೊಟೆಕ್ ಇ119 ಅನ್ನುತ್ತದೆ. ಬೆಂಕಿ ಹತ್ತಲಿಲ್ಲ ಅನ್ನುವುದಕ್ಕೆ ವೈಲಂಟ್‌ನಲ್ಲಿ ಎಫ್28, ಐಡಿಯಲ್‌ನಲ್ಲಿ ಎಲ್2, ವೂಸ್ಟರ್ ಬಾಷ್‌ನಲ್ಲಿ ಇಎ ಅಥವಾ 227, ಬ್ಯಾಕ್ಸಿಯಲ್ಲಿ ಇ133. ಎಫ್2 ಅಂತ ಬಂದರೆ ಐಡಿಯಲ್‌ನಲ್ಲಿ ಜ್ವಾಲೆ ಆರಿತು ಅಂತ, ವೀಸ್ಮನ್ ವಿಟೊಡೆನ್ಸ್ 100ರಲ್ಲಿ ಬಿಸಿ ಮಿತಿ ಮೀರಿತು ಅಂತ. ಅಕ್ಷರ ಒಂದೇ, ದೂರು ಬೇರೆ. ಹಾಗಾಗಿ ಗೂಗಲ್‌ನಲ್ಲಿ ಬರೀ ಕೋಡ್ ಹುಡುಕಬೇಡಿ, ಮಾಡೆಲ್ ಹೆಸರು ಸೇರಿಸಿ ಹುಡುಕಿ. ಬಾಯ್ಲರ್ ಕೆಳಗಿನ ಫ್ಲಾಪ್ ಇಳಿಸಿದರೆ ಕೆಲವದರಲ್ಲಿ ಒಂದು ಪುಟ್ಟ ಕಾರ್ಡ್ ಇರುತ್ತದೆ, ಅದರಲ್ಲೂ ಬರೆದಿರುತ್ತಾರೆ.

ಈಗ ನೀವು ನೋಡಬೇಕಾದ್ದು. ಪ್ರೆಶರ್ ಗೇಜ್ ಎಷ್ಟು ತೋರಿಸುತ್ತಿದೆ? ದುಂಡಗಿನ ಮುಳ್ಳಿನ ಗೇಜ್ ಇರಬಹುದು, ಇಲ್ಲಾಂದರೆ ಪರದೆಯಲ್ಲೇ 'ಬಾರ್' ಅಂತ ಬರುತ್ತದೆ. ಅದನ್ನೂ ಮಾಡೆಲ್ ಹೆಸರನ್ನೂ ಹೇಳಿ. ರೀಸೆಟ್ ಸದ್ಯ ಬೇಡ.

ಮೈಸೂರಿನವಳು, ಸ್ಲೌ

ತುಂಬಾ ಥ್ಯಾಂಕ್ಸ್ ಅಣ್ಣ. ಮಾಡೆಲ್ ನಿಮಗೆ ಮೆಸೇಜ್ ಮಾಡಿದ್ದೇನೆ. ಒಲೆ ಉರಿಯುತ್ತಿದೆ. ಗೇಜ್ ಮುಳ್ಳು ಸೊನ್ನೆಗೆ ತಾಗಿಕೊಂಡೇ ಇದೆ, ಹಸಿರು ಪಟ್ಟಿ ಇನ್ನೂ ಮೇಲಿದೆ. ಮೊನ್ನೆ ಮೇಲಿನ ರೂಮಿನ ರೇಡಿಯೇಟರ್ ಅರ್ಧ ತಣ್ಣಗಿತ್ತು, ನಮ್ಮವರು ಕೀ ಹಾಕಿ ಗಾಳಿ ಬಿಟ್ಟರು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹೀಟಿಂಗ್ ಕೆಲಸ, ಲೆಸ್ಟರ್

ಇದೆ, ಪೂರ್ತಿ ಸಂಬಂಧ ಇದೆ. ಗಾಳಿ ಬಿಟ್ಟ ಜಾಗಕ್ಕೆ ನೀರು ಬಂತು, ಒಟ್ಟು ಒತ್ತಡ ಇಳಿಯಿತು. ಗಾಳಿ ಬಿಟ್ಟದ್ದು ಸರಿಯೇ, ಆಮೇಲೆ ಸ್ವಲ್ಪ ನೀರು ತುಂಬಿಸಬೇಕು ಅಷ್ಟೇ. ನಿಮ್ಮ ಕೋಡ್ ಕೂಡ ನೀರಿನ ಒತ್ತಡದ್ದೇ. ಇದನ್ನು ಮನೆಯವರೇ ಮಾಡಬಹುದು. ಗ್ಯಾಸ್‌ಗೆ ಕೈ ಹಾಕುವ ಕೆಲಸವೇ ಅಲ್ಲ, ಬರೀ ನೀರು.

ಬಾಯ್ಲರ್ ಆಫ್ ಮಾಡಿ, ಸಿಸ್ಟಂ ತಣ್ಣಗಾಗಲಿ. ಈಗ ಬಾಯ್ಲರ್ ಅಡಿಗೆ ಬಗ್ಗಿ ನೋಡಿ. ಹೆಣೆದ ಬೆಳ್ಳಿ ಬಣ್ಣದ ಒಂದು ಮೆದು ಪೈಪ್ ಕಾಣಬೇಕು, ಎರಡು ತುದಿಯಲ್ಲೂ ಅಥವಾ ಒಂದು ತುದಿಯಲ್ಲಿ ಪುಟ್ಟ ವಾಲ್ವ್ ಇರುತ್ತದೆ. ಅದಕ್ಕೆ ಫಿಲ್ಲಿಂಗ್ ಲೂಪ್ ಅನ್ನುತ್ತಾರೆ. ಎರಡೂ ತುದಿ ಬಿಗಿಯಾಗಿ ಕೂತಿವೆಯಾ ಕೈಯಲ್ಲಿ ತಿರುಗಿಸಿ ನೋಡಿ. ಮೊದಲ ವಾಲ್ವ್ ಪೂರ್ತಿ ತೆರೆಯಿರಿ, ಎರಡನೆಯದನ್ನು ನಿಧಾನವಾಗಿ. ಸುಯ್ ಅಂತ ನೀರು ಹೋಗುವ ಸದ್ದು ಕೇಳುತ್ತದೆ. ಆಗ ಕಣ್ಣು ಗೇಜ್ ಮೇಲೇ ಇರಲಿ, ಮುಳ್ಳು ನೀವು ಅಂದುಕೊಂಡದ್ದಕ್ಕಿಂತ ಬೇಗ ಏರುತ್ತದೆ. ತಣ್ಣಗಿರುವಾಗ 1 ರಿಂದ 1.5 ಬಾರ್ ಸಾಕು. ಅಲ್ಲಿಗೆ ಬಂದ ತಕ್ಷಣ ಎರಡೂ ವಾಲ್ವ್ ಗಟ್ಟಿಯಾಗಿ ಮುಚ್ಚಿ. ನಿಮ್ಮ ಮಾಡೆಲ್‌ಗೆ ಪೈಪ್ ಬದಲು ಒಳಗೇ ಕೀ ಅಥವಾ ಲಿವರ್ ಇದ್ದರೆ ಮ್ಯಾನುಯಲ್‌ನಲ್ಲಿ ಚಿತ್ರ ಇರುತ್ತದೆ, ಅದನ್ನು ನೋಡಿಕೊಂಡು ಮಾಡಿ.

ಆಮೇಲೆ ಪೈಪ್ ಬಿಚ್ಚಿ ಇಡಿ. ಸಿಕ್ಕಿಸಿಯೇ ಬಿಡಬಾರದು, ರೇಡಿಯೇಟರ್‌ನ ಕೊಳಕು ನೀರು ಕುಡಿಯುವ ನೀರಿನ ಲೈನ್ ಸೇರಬಾರದು ಅಂತ ನೀರಿನ ನಿಯಮದಲ್ಲೇ ಇದೆ. ಬಿಚ್ಚುವಾಗ ಒಂದೆರಡು ಚಮಚ ನೀರು ಬೀಳುತ್ತದೆ, ಬಟ್ಟೆ ಹಿಡಿದುಕೊಳ್ಳಿ. ಈಗ ಆನ್ ಮಾಡಿ, ಕೋಡ್ ಹೋಗದಿದ್ದರೆ ರೀಸೆಟ್ ಒಂದು ಸಲ ಒತ್ತಿ.

ಬಿಸಿಯಾದಾಗ 2 ಬಾರ್ ಹತ್ತಿರ ಹೋದರೆ ಗಾಬರಿ ಬೇಡ. 3 ಬಾರ್ ಕಡೆಗೆ ಹೋದರೆ ಮಾತ್ರ ಸರಿಯಿಲ್ಲ, ಅಲ್ಲಿ ಸುರಕ್ಷತಾ ವಾಲ್ವ್ ತೆರೆದು ನೀರು ಹೊರಗೆ ಬಿಡುತ್ತದೆ.

ಲೀಡ್ಸ್, ಮೂಲ ದಾವಣಗೆರೆ

ಉತ್ತರದ ಕಡೆ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ರಾತ್ರಿ ಮೈನಸ್‌ಗೆ ಇಳಿದು ಬೆಳಗ್ಗೆ ಕೋಡ್ ಬಂದಿದ್ದರೆ ಮೊದಲು ಹೊರಗೆ ಹೋಗಿ ಗೋಡೆ ನೋಡಿ. ಬಾಯ್ಲರ್ ಇರುವ ಜಾಗದಿಂದ ಒಂದು ಬಿಳಿ ಪ್ಲಾಸ್ಟಿಕ್ ಪೈಪ್ ಹೊರಬಂದು ಮೋರಿಗೆ ಇಳಿದಿರುತ್ತದೆ. ಅದು ಕಂಡೆನ್ಸೇಟ್ ಪೈಪ್. 2005ರ ಏಪ್ರಿಲ್‌ನಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಹೊಸ ಗ್ಯಾಸ್ ಬಾಯ್ಲರ್ ಬಹುತೇಕ ಎಲ್ಲ ಕಂಡೆನ್ಸಿಂಗ್ ಥರದವೇ. ಹೊಗೆಯಲ್ಲಿರುವ ಹಬೆಯ ಬಿಸಿಯನ್ನೂ ಅವು ಹಿಡಿದುಕೊಳ್ಳುತ್ತವೆ, ಆ ಹಬೆ ನೀರಾಗಿ ಈ ಪೈಪಿನಿಂದ ತೊಟ್ಟಿಕ್ಕುತ್ತದೆ. ಹಳೇ ಮನೆಗಳಲ್ಲಿ ಈ ಪೈಪ್ ತೀರಾ ಸಣ್ಣದು, 21.5 ಮಿಲಿಮೀಟರ್, ಮೇಲೆ ಹೊದಿಕೆಯೂ ಇರುವುದಿಲ್ಲ. ಹೆಪ್ಪುಗಟ್ಟಿತು ಅಂದರೆ ನೀರು ವಾಪಸ್ ಬಾಯ್ಲರ್ ಒಳಗೆ ತುಂಬಿ, ಬೆಂಕಿ ಹತ್ತದೆ ಲಾಕ್ ಆಗುತ್ತದೆ. 2010ರ ಡಿಸೆಂಬರ್ ಚಳಿಯಲ್ಲಿ ದೇಶದ ತುಂಬಾ ಇದೇ ಗೋಳು.

ಗುರುತು ಹಿಡಿಯುವುದು ಸುಲಭ. ಬಾಯ್ಲರ್ ಹತ್ತಲು ಹೋದಾಗ ಒಳಗಿಂದ ಗೊಳಗೊಳ ಸದ್ದು ಬರುತ್ತದೆ, ಆಮೇಲೆ ಆರಿ ಕೋಡ್ ಬರುತ್ತದೆ. ಹೆಪ್ಪುಗಟ್ಟುವುದು ಹೆಚ್ಚಾಗಿ ಪೈಪ್ ತಿರುವಿನಲ್ಲಿ ಅಥವಾ ಮೋರಿಗೆ ಬೀಳುವ ತುದಿಯಲ್ಲಿ. ಬಿಸಿನೀರಿನ ಚೀಲವನ್ನು ಅಲ್ಲಿ ಕಟ್ಟಿ, ಇಲ್ಲವೇ ಗಿಡಕ್ಕೆ ನೀರು ಹಾಕುವ ಕ್ಯಾನ್‌ನಲ್ಲಿ ಬೆಚ್ಚಗಿನ ನೀರು ತುಂಬಿ ಪೈಪ್ ಮೇಲೆ ಸುರಿಯುತ್ತಾ ಬನ್ನಿ. ಕುದಿಯುವ ನೀರು ಹಾಕಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಸುರಿದ ನೀರು ನೆಲದಲ್ಲಿ ಮತ್ತೆ ಮಂಜುಗಡ್ಡೆ ಆಗುತ್ತದೆ, ಅಲ್ಲಿ ಉಪ್ಪು ಹಾಕಿ, ದೊಡ್ಡವರು ಜಾರಿ ಬಿದ್ದಾರು. ಪೈಪ್ ಎತ್ತರದಲ್ಲಿದ್ದರೆ ಏಣಿ ಹತ್ತುವ ಸಾಹಸ ಬೇಡ. ಕರಗಿದ ಮೇಲೆ ಒಂದು ರೀಸೆಟ್, ಮುಗೀತು. ಚಳಿ ಕಳೆದ ಮೇಲೆ ದಪ್ಪ ಪೈಪ್ ಹಾಕಿಸಿ, ಹೊದಿಕೆ ಸುತ್ತಿಸಿ.

ರೆಡಿಂಗ್, ಮೂಲ ಹುಬ್ಬಳ್ಳಿ

ಲೆಸ್ಟರ್ ಅಣ್ಣ, ಒಂದು ಪ್ರಶ್ನೆ. ನೀವು ನೀರು, ಪೈಪ್ ಎಲ್ಲಾ ನಮಗೇ ಮಾಡಿ ಅಂತೀರಿ. ಎಲೆಕ್ಟ್ರೋಡ್ ಬದಲಿಸುವುದು ವಿಡಿಯೊದಲ್ಲಿ ನೋಡಿದರೆ ನಾಲ್ಕು ಸ್ಕ್ರೂ ಅಷ್ಟೇ. ನಾನು ಮೆಕ್ಯಾನಿಕಲ್ ಎಂಜಿನಿಯರ್. ಪಾರ್ಟ್ ಬೆಲೆ ಸ್ವಲ್ಪ, ಕೂಲಿಯೇ ಜಾಸ್ತಿ. ಅದನ್ನು ಯಾಕೆ ನಾವೇ ಮಾಡಬಾರದು?

ಹೀಟಿಂಗ್ ಕೆಲಸ, ಲೆಸ್ಟರ್

ಕೇಳಿದ್ದು ಒಳ್ಳೆಯದಾಯಿತು, ಈ ಪ್ರಶ್ನೆ ತುಂಬಾ ಜನರ ಮನಸ್ಸಿನಲ್ಲಿ ಇರುತ್ತದೆ.

ಸ್ಕ್ರೂ ಬಿಚ್ಚುವುದು ಯಾರಿಗೂ ಕಷ್ಟ ಅಲ್ಲ. ಈಗಿನ ಬಾಯ್ಲರ್ ರೂಮಿನ ಗಾಳಿ ತಗೊಳ್ಳುವುದಿಲ್ಲ. ಗೋಡೆ ದಾಟಿದ ಫ್ಲೂ ಪೈಪಿನಿಂದ ಹೊರಗಿನ ಗಾಳಿ ಎಳೆದು, ಹೊಗೆಯನ್ನೂ ಅದೇ ದಾರಿಯಲ್ಲಿ ಹೊರಗೆ ಬಿಡುತ್ತದೆ. ಅಂದರೆ ಉರಿಯುವ ಜಾಗ ಮನೆಯ ಗಾಳಿಯಿಂದ ಪೂರ್ತಿ ಸೀಲ್ ಆಗಿರಬೇಕು. ಹಲವು ಮಾಡೆಲ್‌ಗಳಲ್ಲಿ ಮುಂದಿನ ಕವರ್ ಕೂಡ ಆ ಸೀಲ್‌ನ ಭಾಗ. ಎಲೆಕ್ಟ್ರೋಡ್ ತೆಗೆದರೆ ಅದರ ಕೆಳಗಿನ ಗ್ಯಾಸ್ಕೆಟ್ ಬದಲಿಸಬೇಕು, ಸರಿಯಾಗಿ ಕೂರಿಸಬೇಕು, ಆಮೇಲೆ ಫ್ಲೂನಲ್ಲಿ ಹೊಗೆ ಅಳೆಯುವ ಅನಲೈಸರ್‌ನ ಕಡ್ಡಿ ಇಟ್ಟು ವಿಷದ ಕಾರ್ಬನ್ ಮೊನಾಕ್ಸೈಡ್ ಎಷ್ಟು, ಡಯಾಕ್ಸೈಡ್ ಎಷ್ಟು, ಎರಡರ ಅನುಪಾತ ಎಷ್ಟು ಅಂತ ಅಳೆಯಬೇಕು. ನೀವು ಕೂಲಿ ಕೊಡುವುದು ಈ ಕೊನೆಯ ಕೆಲಸಕ್ಕೆ. ವಿಡಿಯೊದವನು ಸ್ಕ್ರೂ ಹಾಕಿದ ತಕ್ಷಣ ಬಿಸಿನೀರು ತೋರಿಸಿ ಮುಗಿಸುತ್ತಾನೆ. ಬಿಸಿನೀರು ಬಂದರೆ ಬಾಯ್ಲರ್ ಸರಿಯಾಗಿ ಉರಿಯುತ್ತಿದೆ ಅಂತ ಅರ್ಥ ಅಲ್ಲ. ಕೆಟ್ಟದಾಗಿ ಉರಿಯುವ ಬಾಯ್ಲರ್ ಕೂಡ ನೀರು ಬಿಸಿ ಮಾಡುತ್ತದೆ.

1998ರ ಗ್ಯಾಸ್ ಸುರಕ್ಷತಾ ನಿಯಮದ ಪ್ರಕಾರ ಗ್ಯಾಸ್ ಕೆಲಸ ಮಾಡುವವರಿಗೆ ಆ ಕೆಲಸ ಬಂದಿರಲೇಬೇಕು, ದುಡ್ಡಿಗೆ ಮಾಡುವವರು ರಿಜಿಸ್ಟರ್‌ನಲ್ಲಿ ಇರಲೇಬೇಕು. ಬ್ರಿಟನ್‌ನಲ್ಲಿ 2009ರ ಏಪ್ರಿಲ್‌ನಿಂದ ಅದು ಗ್ಯಾಸ್ ಸೇಫ್ ರಿಜಿಸ್ಟರ್, ಅದಕ್ಕೆ ಮೊದಲು ಕೋರ್ಗಿ ಇತ್ತು. ಮನೆಗೆ ಬಂದವರ ಕಾರ್ಡ್ ಕೇಳಿ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಮುಂದೆ ಫೋಟೊ, ಲೈಸೆನ್ಸ್ ನಂಬರ್, ಅವಧಿ ಇರುತ್ತದೆ. ಹಿಂದೆ ತಿರುಗಿಸಿ ನೋಡುವುದು ಮುಖ್ಯ. ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲಿ ಬರೆದಿರುತ್ತದೆ. ಒಲೆ ಜೋಡಿಸಲು ಅರ್ಹತೆ ಇದ್ದವರಿಗೆ ಬಾಯ್ಲರ್ ಅರ್ಹತೆ ಇದ್ದೇ ಇರುತ್ತದೆ ಅಂತ ಇಲ್ಲ.

ಕವರ್‌ನಿಂದ ಹೊರಗಿರುವುದು ನಿಮ್ಮದು: ಕರೆಂಟ್, ಮೀಟರ್, ಥರ್ಮೋಸ್ಟಾಟ್, ನೀರಿನ ಒತ್ತಡ, ಹೊರಗಿನ ಬಿಳಿ ಪೈಪ್. ಕವರ್ ಒಳಗಿರುವುದು ನಮ್ಮದು.

ಬರ್ಮಿಂಗ್‌ಹ್ಯಾಮ್ ನರ್ಸ್

ನಾನು ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಯವಿಟ್ಟು ಇದನ್ನು ಎಲ್ಲರೂ ಓದಿ.

ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಪರದೆಯಲ್ಲಿ ಯಾವ ಕೋಡೂ ಇಲ್ಲದೆ, ಬಾಯ್ಲರ್ ಓಡುತ್ತಿರುವಾಗಲೇ ಅದು ಮನೆಯಲ್ಲಿ ತುಂಬಬಹುದು. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಸುಸ್ತು, ಉಸಿರು ಕಟ್ಟಿದಂತೆ ಆಗುವುದು. ಚಳಿಗಾಲದಲ್ಲಿ ಎಲ್ಲರೂ ಫ್ಲೂ ಜ್ವರ ಅಂದುಕೊಳ್ಳುತ್ತಾರೆ. ಆದರೆ ಇದರಲ್ಲಿ ಮೈ ಬಿಸಿ ಇರುವುದಿಲ್ಲ, ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಒಟ್ಟಿಗೇ ಆಗುತ್ತದೆ, ಹೊರಗೆ ಹೋದರೆ ಕಡಿಮೆಯಾಗಿ ಮನೆಗೆ ಬಂದರೆ ಮತ್ತೆ ಶುರು. ಹೀಗೆ ಅನ್ನಿಸಿದರೆ ಬಾಯ್ಲರ್ ಆಫ್ ಮಾಡಿ ಎಲ್ಲರೂ ಹೊರಗೆ ಬನ್ನಿ, ಕಿಟಕಿ ಬಾಗಿಲು ತೆರೆದುಬಿಡಿ. ಪ್ರಜ್ಞೆ ತಪ್ಪಿದ್ದರೆ, ಕುಸಿದಿದ್ದರೆ 999ಕ್ಕೆ ಫೋನ್ ಮಾಡಿ ಆಂಬ್ಯುಲೆನ್ಸ್ ಕರೆಸಿ.

ಕೊರೊನಾ ಸಮಯದಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಎಲ್ಲರೂ ತಗೊಂಡಿದ್ದೇವೆ ಅಲ್ವಾ? ಈ ವಿಷಯದಲ್ಲಿ ಅದನ್ನು ನಂಬಲೇಬೇಡಿ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಈ ವಿಷ ಕೂತಿದ್ದರೂ ಆ ಸಾಮಾನ್ಯ ಮೀಟರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, 98 ಅಂತಲೇ ತೋರಿಸಬಹುದು. ಆಸ್ಪತ್ರೆಗೆ ಬಂದಾಗ 'ಮನೆಯಲ್ಲಿ ಗ್ಯಾಸ್ ಬಾಯ್ಲರ್ ಇದೆ, ಕಾರ್ಬನ್ ಮೊನಾಕ್ಸೈಡ್ ಅನುಮಾನ ಇದೆ' ಅಂತ ನೀವೇ ಬಾಯಿಬಿಟ್ಟು ಹೇಳಿ. ಅದಕ್ಕೆ ಬೇರೆ ಪರೀಕ್ಷೆ ಇದೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಮನೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಇಎನ್ 50291 ಅನ್ನುವ ಗುಣಮಟ್ಟದ ಗುರುತು ಇರುವುದನ್ನೇ ತಗೊಳ್ಳಿ. ಹಿಂದೆ ಮುಗಿಯುವ ವರ್ಷ ಬರೆದಿರುತ್ತದೆ, ಬ್ಯಾಟರಿ ಹೊಸದಾದರೂ ಒಳಗಿನ ಸೆನ್ಸರ್ ಹಳೆಯದಾಗುತ್ತದೆ.

ಹೀಟಿಂಗ್ ಕೆಲಸ, ಲೆಸ್ಟರ್

ನರ್ಸ್ ಮೇಡಂ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ನಾವೆಲ್ಲ ಓದಿದ್ದೇವೆ. ಅದೂ ಇದೇ ವಿಷ. ಅಲ್ಲಿ ಗೀಸರ್ ಮುಚ್ಚಿದ ರೂಮಿನ ಗಾಳಿಯನ್ನೇ ಸುಡುತ್ತದೆ, ಹೊಗೆಯೂ ಅಲ್ಲೇ ಉಳಿಯುತ್ತದೆ. ಇಲ್ಲಿನ ಬಾಯ್ಲರ್ ಸೀಲ್ ಆಗಿರುವುದರಿಂದ ಅಪಾಯ ಕಡಿಮೆ, ಆದರೆ ಸೀಲ್ ಹೋದರೆ, ಫ್ಲೂ ಜೋಡಣೆ ಬಿಟ್ಟರೆ ಕಥೆ ಅದೇ.

ಇನ್ನು ಗ್ಯಾಸ್ ವಾಸನೆ. ಊರಲ್ಲಿ ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಇಲ್ಲಿ ಪೈಪಿನಲ್ಲಿ ಬರುವ ಗ್ಯಾಸ್ ಗಾಳಿಗಿಂತ ಹಗುರ, ಮೇಲಕ್ಕೆ ಏರಿ ಮೇಲಿನ ರೂಮುಗಳಿಗೂ ಹೋಗುತ್ತದೆ. ವಾಸನೆ ಬಂದರೆ ಕೋಡ್ ನೋಡುತ್ತಾ ನಿಲ್ಲಬೇಡಿ. ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಕಿಟಕಿ ತೆರೆಯಿರಿ, ಮೀಟರ್ ಪಕ್ಕದ ಲಿವರ್ ಪೈಪಿಗೆ ಅಡ್ಡ ಬರುವಂತೆ ತಿರುಗಿಸಿ, ಹೊರಗೆ ಬಂದು ಗ್ಯಾಸ್ ಎಮರ್ಜೆನ್ಸಿ ನಂಬರ್ 0800 111 999ಕ್ಕೆ ಫೋನ್ ಮಾಡಿ. ಮೀಟರ್ ನೆಲಮಾಳಿಗೆಯಲ್ಲಿದ್ದರೆ ಒಳಗೆ ಇಳಿಯಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹೊಡೆದರೂ ಇದೇ ನಂಬರ್. ದಿನದ 24 ಗಂಟೆಯೂ ಇರುತ್ತದೆ, ಫೋನ್ ಕರೆಗೆ ದುಡ್ಡಿಲ್ಲ. ಅವರು ಬಂದು ಅಪಾಯ ತಪ್ಪಿಸಿ ಹೋಗುತ್ತಾರೆ, ಬಾಯ್ಲರ್ ರಿಪೇರಿ ಮಾಡುವುದಿಲ್ಲ. ಅದಕ್ಕೆ ಬೇರೆ ಎಂಜಿನಿಯರ್ ಬೇಕು.

ಮೈಸೂರಿನವಳು, ಸ್ಲೌ

ನಮ್ಮವರು ನೀರು ತುಂಬಿಸಿದರು, 1.3ಕ್ಕೆ ನಿಲ್ಲಿಸಿದೆವು. ಕೋಡ್ ತಾನಾಗಿಯೇ ಹೋಯಿತು, ರೇಡಿಯೇಟರ್ ಬಿಸಿಯಾಗುತ್ತಿವೆ. ಅತ್ತೆ ಸ್ನಾನಕ್ಕೆ ಹೋದರು. ಅಲಾರಂ ಒಂದು ಇದೆ, ಹಿಂದೆ ನೋಡಿದರೆ ಅವಧಿ ಮುಗಿದಿದೆ, ಇವತ್ತೇ ಹೊಸದು ತರುತ್ತೇವೆ. ಮತ್ತೆ ಒತ್ತಡ ಇಳಿದರೆ ಇದೇ ಥರ ತುಂಬಿಸುತ್ತಾ ಇರಬಹುದಾ?

ಹೀಟಿಂಗ್ ಕೆಲಸ, ಲೆಸ್ಟರ್

ಸಂತೋಷ ಮೇಡಂ. ರೇಡಿಯೇಟರ್ ಗಾಳಿ ಬಿಟ್ಟದ್ದಕ್ಕೆ ಇಳಿದಿದ್ದರೆ ಮತ್ತೆ ಇಳಿಯಬಾರದು. ವರ್ಷಕ್ಕೆ ಒಂದೆರಡು ಸಲ ತುಂಬಿಸಿದರೆ ಪರವಾಗಿಲ್ಲ. ವಾರ ವಾರ ತುಂಬಿಸಬೇಕಾಗಿ ಬಂದರೆ ನೀರು ಎಲ್ಲೋ ಹೋಗುತ್ತಿದೆ. ಸುಮ್ನೆ ತುಂಬಿಸುತ್ತಾ ಹೋದರೆ ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಸೇರಿ ರೇಡಿಯೇಟರ್ ಒಳಗೆ ತುಕ್ಕು ಹಿಡಿದು ಕಪ್ಪು ಕೆಸರಾಗುತ್ತದೆ, ಪಂಪ್ ಹಾಳಾಗುತ್ತದೆ.

ಕರೆಸುವ ಮೊದಲು ಎರಡು ಜಾಗ ನೋಡಿ. ರೇಡಿಯೇಟರ್ ವಾಲ್ವ್ ಅಡಿಯಲ್ಲಿ ಟಿಶ್ಯೂ ಒತ್ತಿ ಹಿಡಿಯಿರಿ, ಒದ್ದೆ ಆದರೆ ಅಲ್ಲೇ ಸೋರಿಕೆ. ಆಮೇಲೆ ಹೊರಗೆ, ಗೋಡೆಯಿಂದ ಬಂದು ಮತ್ತೆ ಗೋಡೆ ಕಡೆಗೇ ಬಾಗಿರುವ ಸಣ್ಣ ತಾಮ್ರದ ಪೈಪ್ ಇರುತ್ತದೆ. ಅದರ ತುದಿ ಒದ್ದೆ ಇದ್ದರೆ ಸುರಕ್ಷತಾ ವಾಲ್ವ್ ನೀರು ಬಿಡುತ್ತಿದೆ. ಬಿಸಿಯಾದಾಗ ಮುಳ್ಳು 3ಕ್ಕೆ ಹಾರಿ, ತಣ್ಣಗಾದಾಗ ಸೊನ್ನೆಗೆ ಬೀಳುತ್ತಿದ್ದರೆ ಎಕ್ಸ್‌ಪಾನ್ಶನ್ ವೆಸೆಲ್‌ನ (ನೀರು ಬಿಸಿಯಾಗಿ ಹಿಗ್ಗಿದಾಗ ಅದಕ್ಕೆ ಜಾಗ ಕೊಡುವ, ಗಾಳಿ ತುಂಬಿದ ಡಬ್ಬಿ) ಗಾಳಿ ಹೋಗಿದೆ ಅಂತ ಹೆಚ್ಚುಕಡಿಮೆ ಹೇಳಬಹುದು. ಎರಡೂ ಎಂಜಿನಿಯರ್ ಕೆಲಸ, ಆದರೆ ನೀವು ಫೋನಿನಲ್ಲೇ ಇದನ್ನು ಹೇಳಿದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ.

ರೀಸೆಟ್ ಬಗ್ಗೆ ಕೇಳಿದ್ದಿರಿ. ನೀರು, ಗ್ಯಾಸ್, ಪೈಪ್ ನೋಡಿ ಸರಿಮಾಡಿದ ಮೇಲೆ ಒಂದು ಸಲ ಒತ್ತಿ. ಅದೇ ಕೋಡ್ ಮತ್ತೆ ಬಂದರೆ ಇನ್ನೊಂದು ಸಲ ಸಾಕು. ಅಲ್ಲಿಗೆ ನಿಲ್ಲಿಸಿ. ಬೆಂಕಿ ಹತ್ತದ ಬಾಯ್ಲರ್‌ಗೆ ಪದೇ ಪದೇ ರೀಸೆಟ್ ಒತ್ತಿದರೆ ಪ್ರತಿ ಸಲವೂ ಅದು ಗ್ಯಾಸ್ ಬಿಟ್ಟು ಕಿಡಿ ಹೊಡೆಯುತ್ತದೆ. ಲಾಕ್ ಆಗುವುದು ಅದನ್ನು ತಡೆಯಲಿಕ್ಕೇ.

ಮ್ಯಾಂಚೆಸ್ಟರ್ ಬಾಡಿಗೆ ಮನೆ

ನಾನು ಓದಲು ಬಂದವನು, ನಾಲ್ವರು ಹುಡುಗರು ಒಂದು ಮನೆಯಲ್ಲಿದ್ದೇವೆ. ನಮ್ಮ ಬಾಯ್ಲರ್ ದಿನಾ ರಾತ್ರಿ ಜ್ವಾಲೆ ಇಲ್ಲ ಅನ್ನುವ ಕೋಡ್ ತೋರಿಸಿ ನಿಲ್ಲುತ್ತದೆ. ಏಜೆಂಟ್‌ಗೆ ಹೇಳಿದರೆ 'ರೀಸೆಟ್ ಮಾಡಿಕೊಳ್ಳಿ' ಅನ್ನುತ್ತಾರೆ. ಜಾಸ್ತಿ ಕೇಳಿದರೆ ಮನೆ ಬಿಡಿಸುತ್ತಾರೇನೋ ಅಂತ ಉಳಿದವರು ಸುಮ್ಮನಿದ್ದಾರೆ.

ಲೀಡ್ಸ್, ಮೂಲ ದಾವಣಗೆರೆ

ತಮ್ಮಾ, ಇದು ದಯಾದಾಕ್ಷಿಣ್ಯದ ವಿಷಯ ಅಲ್ಲ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೀಟಿಂಗ್, ಬಿಸಿನೀರಿನ ವ್ಯವಸ್ಥೆ ರಿಪೇರಿ ಮಾಲೀಕರ ಜವಾಬ್ದಾರಿ. ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ಎಂಜಿನಿಯರ್‌ನಿಂದ ತಪಾಸಣೆ ಮಾಡಿಸಲೇಬೇಕು, ಆ ದಾಖಲೆಯ ಪ್ರತಿ 28 ದಿನದೊಳಗೆ ನಿಮ್ಮ ಕೈಗೆ ಕೊಡಬೇಕು. ಹೊಸದಾಗಿ ಮನೆಗೆ ಬರುವವರಿಗೆ ಬರುವ ಮೊದಲೇ ಕೊಡಬೇಕು. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಬಾಯ್ಲರ್ ಇರುವ ರೂಮಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸುವುದೂ ಅವರದೇ ಹೊಣೆ. ನಿಮ್ಮ ಮನೆಯಲ್ಲಿ ಇವು ಇವೆಯಾ ನೋಡು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಈಮೇಲ್ ಮಾಡು. ಕೇಳದಿದ್ದರೆ ಕೌನ್ಸಿಲ್‌ಗೆ ದೂರು ಕೊಡಬಹುದು, ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದಲ್ಲೂ ಮನೆ ವಿಷಯಕ್ಕೆ ಸಲಹೆ ಕೊಡುವವರು ಇರುತ್ತಾರೆ.

ಮ್ಯಾಂಚೆಸ್ಟರ್ ಬಾಡಿಗೆ ಮನೆ

ಅಲಾರಂ ಇದೆ ಅಣ್ಣ, ಈಗ ಟೆಸ್ಟ್ ಬಟನ್ ಒತ್ತಿದೆ, ಸದ್ದು ಬಂತು. ತಪಾಸಣೆ ಕಾಗದ ಯಾರೂ ನೋಡಿಲ್ಲ. ಈಮೇಲ್‌ನಲ್ಲಿ ಏನೇನು ಬರೆಯಲಿ?

ಹೀಟಿಂಗ್ ಕೆಲಸ, ಲೆಸ್ಟರ್

ದಿನಾ ರಾತ್ರಿ ಅದೇ ಕೋಡ್ ಅಂದರೆ ಅದು ರೀಸೆಟ್‌ಗೆ ಬಗ್ಗುವ ವಿಷಯ ಅಲ್ಲ, ಇನ್ನು ಒತ್ತಬೇಡ. ಕೋಡ್ ಪರದೆಯಲ್ಲಿ ಇರುವಾಗಲೇ ಫೋಟೊ ತೆಗೆ. ಗೇಜ್ ಫೋಟೊ ತೆಗೆ. ಯಾವ ದಿನ, ಎಷ್ಟು ಗಂಟೆಗೆ ನಿಂತಿತು, ಆಗ ಬಿಸಿನೀರು ಬಿಟ್ಟಿದ್ದಿರಾ ಅಥವಾ ಹೀಟಿಂಗ್ ಮಾತ್ರ ಇತ್ತಾ, ಒಲೆ ಉರಿಯುತ್ತಿತ್ತಾ, ಹೊರಗೆ ತುಂಬಾ ಚಳಿ ಇತ್ತಾ, ಏನಾದರೂ ಸದ್ದು ಬಂತಾ, ಇಷ್ಟನ್ನು ಬರಿ. 'ಬಾಯ್ಲರ್ ಸರಿಯಿಲ್ಲ' ಅಂತ ಮಾತ್ರ ಬರೆದರೆ ಏಜೆಂಟ್ ಮತ್ತೆ ರೀಸೆಟ್ ಅನ್ನುತ್ತಾರೆ. ಗ್ಯಾಸ್ ಸೇಫ್ ಎಂಜಿನಿಯರ್ ಯಾವ ದಿನ ಬರುತ್ತಾರೆ ಅಂತ ನೇರವಾಗಿ ಕೇಳು, ತಪಾಸಣೆ ದಾಖಲೆಯ ಪ್ರತಿಯನ್ನೂ ಅದೇ ಈಮೇಲ್‌ನಲ್ಲಿ ಕೇಳು. ಬಾಯ್ಲರ್‌ನ ಕೆಳಭಾಗದಲ್ಲೋ ಫ್ಲಾಪ್ ಹಿಂದೆಯೋ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ, ಅದರ ಫೋಟೊನೂ ಕಳಿಸು. ಬರುವವರು ಬೇಕಾದ ಪಾರ್ಟ್ ಗಾಡಿಯಲ್ಲಿ ಹಾಕಿಕೊಂಡೇ ಬರಬಹುದು.